ನೈಜರ್ ನದಿಯೂ ನನ್ನ ಮೌಖಿಕ ಪರೀಕ್ಷೆಯೂ

“ಏಳನೇತ್ತಕ್ಕ ಸಾಲಿ ಬಿಟ್ಟಾಕಿ, ಜರ್ಮನಿಯೊಳಗ ಏನ ಪಾಸಾಗ್ತಾಳ?” ಎಂದು ಹತ್ತು ಜನರ ಮುಂದೆ ನಕ್ಕವಳು ನನ್ನ ನಾದಿನಿ. ನಾನು ಕಿರಾಣಿ ಪೊಟ್ಟಣದ ಕಾಗದ ಬಿಚ್ಚಿ ಬಿಚ್ಚಿ ಓದು ಬೆಳೆಸಿಕೊಂಡವಳು. ಹಟ ಹುಟ್ಟಿನಿಂದ ಬಂದದ್ದು. ಹ್ಯಾನೋವರಿನ ವೃದ್ಧಾಶ್ರಮವೊಂದರಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಅಲ್ಲೇ ಅಡುಗೆಯವಳಾಗಲು ತರಬೇತಿ ಬೇಕು, ತರಬೇತಿಗೆ ಶಾಲೆ ಮುಗಿಸಿದ ಸರ್ಟಿಫಿಕೇಟ್ ಬೇಕು. ಸಂಜೆ ಶಾಲೆ ಸೇರಿದೆ. ಎಲ್ಲ ಪಾಸಾಗಿ ಭೂಗೋಳದ ಮೌಖಿಕದಲ್ಲಿ ಬಿದ್ದೆ. ಇನ್ನು ಒಂದೇ ಅವಕಾಶ. ವಿಷಯ, ಪಶ್ಚಿಮ ಆಫ್ರಿಕದ ನೈಜರ್ ನದಿ. ಪರೀಕ್ಷೆ ಹತ್ತಿರ ಬಂದಾಗಲೇ ನನಗೆ ಇಂಥ ಫಜೀತಿಗಳು ಒಂದರ ಹಿಂದೊಂದು ಆಗುತ್ತಿರುತ್ತವೆ.

ಮಾಲಿ ಎಲ್ಲಿ ಹೋಯಿತು?

ನದಿ ಹರಿಯುವ ಕ್ರಮ ನೆನಪಿರಲೆಂದು ಅಡುಗೆಮನೆಯ ಡಬ್ಬಿಗಳಿಗೆ ದೇಶಗಳ ಹೆಸರು ಅಂಟಿಸಿದೆ. ಜೋಳದ ಹಿಟ್ಟು ಗಿನಿ, ಸಕ್ಕರೆ ಮಾಲಿ, ಅಕ್ಕಿ ನೈಜರ್, ಬೇಳೆ ಬೆನಿನ್, ಖಾರಪುಡಿ ನೈಜೀರಿಯಾ. ರೊಟ್ಟಿ ಬಡಿಯುತ್ತ ಮೇಲೆ ನೋಡಿ ಒಪ್ಪಿಸುತ್ತಿದ್ದೆ. ಒಂದು ಸಂಜೆ ತರಗತಿಯಲ್ಲಿ ಮೇಷ್ಟ್ರು ಕೇಳಿದರು. ನನ್ನ ನದಿ ಗಿನಿಯಲ್ಲಿ ಹುಟ್ಟಿ, ನೈಜರ್, ಬೆನಿನ್, ನೈಜೀರಿಯಾ ಸುತ್ತಿ, ಕೊನೆಗೆ ಮಾಲಿ ಸೇರಿತು. ಇಡೀ ತರಗತಿ ನಕ್ಕಿತು. ಮನೆಗೆ ಬಂದು ನೋಡಿದರೆ ಸಕ್ಕರೆ ಡಬ್ಬಿ ಖಾರಪುಡಿಯ ಆಚೆ ಕೂತಿದೆ.

“ಯಾರು ಮಾಲಿ ಸರಿಸಿದವ್ರು?”

ಕಾರಿನ ಕಾರ್ಖಾನೆಯ ಎಂಜಿನಿಯರ್ ನನ್ನ ಗಂಡ, ಕಪ್ಪು ಹಿಡಿದು ನಿಂತಿದ್ದರು. “ಚಾಕ್ಕ ಎರಡು ಚಮಚೆ ತಗೊಂಡೆ, ಅಷ್ಟ.”

“ಎರಡು ಚಮಚೆಗೆ ಒಂದು ದೇಶಾನ ಎತ್ತಿ ಒಯ್ದ್ರ್ಯಾ?”

ಮಗಳು ಜರ್ಮನ್‌ನಲ್ಲಿ ತೀರ್ಪು ಕೊಟ್ಟಳು: “ಪಪ್ಪಾ, ನಾಳೆಯಿಂದ ವೀಸಾ ಇಲ್ಲದೆ ಅಡುಗೆಮನೆಗೆ ಬರಬೇಡ.”

ನೀರು ಎಷ್ಟು ಬಿಡುತ್ತೀರಿ?

ತರಗತಿಯಲ್ಲಿ ಮಾಲಿಯ ಒಬ್ಬ ಬಸ್ ಚಾಲಕ, ನೈಜೀರಿಯಾದ ಒಬ್ಬ ದರ್ಜಿ ಹೆಂಗಸು ಇದ್ದರು. ಇಬ್ಬರದೂ ಒಂದೇ ಬೆಂಚು, ಒಂದೇ ಊಟದ ಡಬ್ಬಿ. ಪರೀಕ್ಷೆಗೆ ವಾರ ಉಳಿದಾಗ ಅವರ ನೆರವು ಕೇಳಲು ಹೋದೆ. ನದಿ ಮೇಲಿನವರಿಂದ ಕೆಳಗಿನವರಿಗೆ ಹರಿಯುತ್ತದೆ ಎಂದರೆ ನಮ್ಮ ಕಡೆಯವರಿಗೆ ಮೊದಲು ಹೊಳೆಯುವ ಪ್ರಶ್ನೆ ಒಂದೇ.

“ಅಣ್ಣಾ, ಮಳೆ ಕಡಿಮೆಯಾದ ವರ್ಷ ಇವಳ ದೇಶಕ್ಕೆ ಎಷ್ಟು ನೀರು ಬಿಡ್ತೀರಿ?”

“ಬಿಡೋದೇನು? ಅದೇ ಹೋಗುತ್ತೆ.”

“ಹೋಗುತ್ತಾ?” ದರ್ಜಿ ತಲೆಯೆತ್ತಿದಳು. “ಹಾಗಾದ್ರೆ ನಿಮ್ಮ ಅಣೆಕಟ್ಟು ಏನು ಮಾಡ್ತಿದೆ?”

“ನಿಮ್ಮಲ್ಲೇನು ಅಣೆಕಟ್ಟು ಇಲ್ವಾ?”

ಮೇಷ್ಟ್ರು ಬರುವಷ್ಟರಲ್ಲಿ ಎರಡು ದೇಶಗಳು ಎರಡು ಬೆಂಚಿಗೆ ಹೋಗಿದ್ದವು. ಏನಾಯಿತೆಂದು ಕೇಳಿದರೆ ಇಬ್ಬರ ಬೆರಳೂ ನನ್ನ ಕಡೆ. “ಈ ಇಂಡಿಯಾದವಳು ಬಾಯಿ ಬಿಡುವ ತನಕ ನಮ್ಮ ನದಿಗೆ ಜಗಳವೇ ಇರಲಿಲ್ಲ!”

ಬೂಟು

ಪರೀಕ್ಷೆಯ ದಿನ ಗೋಡೆಯ ಮೊಳೆ ಕಿತ್ತುಬಂದಿದ್ದರಿಂದ ದೊಡ್ಡ ನಕ್ಷೆಯನ್ನು ನೆಲಕ್ಕೆ ಹಾಸಿದ್ದರು. ಅದರ ತುದಿಯಲ್ಲಿ ಇಬ್ಬರು ಪರೀಕ್ಷಕರು, ಒಬ್ಬ ಗಂಡಸು, ಒಬ್ಬ ಹೆಂಗಸು.

“ನದಿಯ ಜೊತೆ ನಡೆಯುತ್ತ ವಿವರಿಸಿ,” ಎಂದ ಆತ.

ಚಪ್ಪಲಿ ಬಿಟ್ಟು, ಬಗ್ಗಿ, ನಕ್ಷೆ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಆತ ಗಾಬರಿಯಾದ. “ತಲೆ ಸುತ್ತುತ್ತಿದೆಯಾ? ನೀರು ಬೇಕಾ?”

“ಬೇಡ. ನದಿಗೆ ಕಾಲಿಡುವ ಮೊದಲು ಕ್ಷಮೆ ಕೇಳಿದೆ.”

ಗಿನಿಯ ಬೆಟ್ಟದಲ್ಲಿ ನಿಂತೆ. “ಸಮುದ್ರ ಅಷ್ಟು ಹತ್ತಿರ ಇದ್ದರೂ ಈ ನದಿ ಬೆನ್ನು ತಿರುಗಿಸಿ ಮರಳುಗಾಡಿನ ಕಡೆ ಹೋಗುವುದೇಕೆ?” ಎಂದು ಆತ ಕೇಳಿದ. ಓದಿದ್ದೆಲ್ಲ ಹಾರಿಹೋಯಿತು. ಆಗ ನಮ್ಮ ಕೃಷ್ಣೆ ನೆನಪಾದಳು. ಅವಳೂ ಪಡುವಣ ಕಡಲ ಮಗ್ಗುಲಲ್ಲೇ ಹುಟ್ಟಿ ಮೂಡಣಕ್ಕೆ ನಡೆದವಳಲ್ಲವೇ? ನೆಲ ಒಳಗಡೆಗೆ ಇಳಿಜಾರು, ನೀರು ಇಳಿಜಾರಿನ ಮಾತು ಕೇಳುತ್ತದೆ, ಹತ್ತಿರ ದೂರ ನೋಡುವುದಿಲ್ಲ ಎಂದೆ. ಹೆಂಗಸು ಏನೋ ಬರೆದುಕೊಂಡಳು. ಧೈರ್ಯ ಬಂತು. ಮಾಲಿಯಲ್ಲಿ ಮರಳಿನ ಅಂಚಿಗೆ ತಾಗಿ ಬಾಗಿದೆ, ನೈಜರ್ ದಾಟಿದೆ, ಬೆನಿನ್ನಿನ ಗಡಿ ಸವರಿದೆ, ನೈಜೀರಿಯಾದಲ್ಲಿ ಇಳಿದೆ. ಸಮುದ್ರಕ್ಕೆ ನಾಲ್ಕು ಹೆಜ್ಜೆ ಇರುವಾಗ ನಿಂತುಬಿಟ್ಟೆ.

“ಯಾಕೆ ನಿಂತಿರಿ? ಸಮಯ ಮುಗಿಯುತ್ತಿದೆ.”

“ನದಿಯ ಮುಖಜಭೂಮಿಯ ಮೇಲೆ ನಿಮ್ಮ ಬೂಟು ಇದೆ. ತೆಗೆಯಿರಿ.”

ಆತ ಕಾಲು ಹಿಂದಕ್ಕೆ ಎಳೆದುಕೊಂಡ. ಬೂಟು ಸಮುದ್ರಕ್ಕೆ ಹೋಯಿತು.

“ಅದೂ ನೀರೇ,” ಎಂದೆ. ಫೇಲ್ ಮಾಡಿದರೆ ಮಾಡಲಿ, ನಾನು ಕದಲಲಿಲ್ಲ.

ಆತ ಜೊತೆಗಾತಿಯನ್ನು ನೋಡಿದ. ಆಕೆ ನಗದೆ ತಲೆಯಾಡಿಸಿದಳು. ಆತ ಕೆಂಪಗಾಗಿ ಬೂಟು ಬಿಚ್ಚಿದ. ಕಾಲುಚೀಲದ ತೂತಿನಿಂದ ಹೆಬ್ಬೆರಳು ಪೂರ್ತಿ ಹೊರಗೆ ಬಂದಿತ್ತು!

“ಇನ್ನು ಸಮುದ್ರ ಸೇರಿ,” ಎಂದ ಸಣ್ಣ ದನಿಯಲ್ಲಿ. “ಆದರೆ ಈ ದ್ವೀಪದ ಬಗ್ಗೆ ಹೊರಗೆ ಹೇಳಬೇಡಿ.”

ಪಾಸಾದೆ. ಸರ್ಟಿಫಿಕೇಟ್ ಈಗ ನನ್ನದು, ತರಬೇತಿಯ ಸೀಟು ನನ್ನದು, ಹೆಸರು ಹೊಲಿದ ಬಿಳಿ ಕೋಟು ನನ್ನದು. ಅದಕ್ಕೆ ಎರಡು ಚಳಿಗಾಲಗಳ ಸಂಜೆಗಳು ಹೋದವು, ಊರಿನಲ್ಲಿ ನಡೆದ ಒಬ್ಬಳೇ ತಂಗಿಯ ಮದುವೆಯೂ ತಪ್ಪಿಹೋಯಿತು. ಅಲ್ಲಿ ಅವಳ ಮೇಲೆ ಅಕ್ಷತೆ ಬೀಳುವ ಹೊತ್ತಿಗೆ ಇಲ್ಲಿ ನಾನು ಗಿನಿಯಲ್ಲಿ ನಿಂತಿದ್ದೆ.