ಎಗೊನ್ ಬಿಗಿಯದ ನಟ್ಟು

ಬೆಣ್ಣೆಯಲ್ಲಿ ಮೀನಿನ ವಡೆ ಹುರಿಯುವ ವಾಸನೆ ಮೂಗಿಗೆ ಬಿದ್ದರೆ ಸಾಕು, ಎಗೊನ್‌ಗೆ ಚಿಕ್ಕಂದಿನ ಅಜ್ಜಿಯ ಅಡುಗೆಮನೆ ಕಣ್ಣೆದುರು ಬಂದು ನಿಲ್ಲುತ್ತಿತ್ತು. ಆವತ್ತು ಬೆಳಿಗ್ಗೆ ಅದೇ ವಾಸನೆ ಸಹೋದ್ಯೋಗಿ ಪ್ರೆಬೆನ್‌ನ ಅಂಗಿಯಿಂದ ಬರುತ್ತಿತ್ತು.

"ಮತ್ತೆ ರಿಗ್ಮೋರ್ ಮೀನಂಗಡಿಗೆ ಹೋಗಿದ್ಯಾ?"

"ಏನ್ ಮಾಡ್ಲಿ ಮಾರಾಯ, ಅವಳ ಕೋಲ್ಡ್ ರೂಮು ಮತ್ತೆ ನಿಂತಿತ್ತು. ಒಳಗೆ ಕಾಲಿಡೋಕ್ಕೆ ಮುಂಚೇನೇ ಕುರ್ಚಿ ಹಾಕಿದ್ಲು. ನಾಲ್ಕು ವಡೆ ತಿಂದೆ. ಐದನೇದು ಬಲವಂತಕ್ಕೆ."

ಯೂಲಂಡ್ ಕರಾವಳಿಯ ಆ ಬಂದರಿನಲ್ಲಿ ಮೀನಿಗೆ, ಹಾಲಿಗೆ, ಮಾಂಸಕ್ಕೆ ಕೋಲ್ಡ್ ರೂಮು ಕೂರಿಸಿಕೊಡುವವರು ಇವರಿಬ್ಬರೇ. ಎಗೊನ್ ಒಂದು ಸಲ ಕೂರಿಸಿದರೆ ಅದು ಸತ್ತರೂ ಕೆಡುತ್ತಿರಲಿಲ್ಲ. ಪ್ರೆಬೆನ್ ಕೂರಿಸಿದ್ದು ತಿಂಗಳಿಗೊಮ್ಮೆ ಕೂಸಿನ ಹಾಗೆ ಅಳುತ್ತಿತ್ತು. ಹಾಗಾಗಿ ಊರಿನ ಪ್ರತಿ ಅಂಗಡಿಯ ಹಿಂಬಾಗಿಲೂ ಪ್ರೆಬೆನ್‌ಗೆ ತೆರೆದೇ ಇರುತ್ತಿತ್ತು. ಯಾರ ಮಗಳಿಗೆ ಮದುವೆ, ಯಾರ ನಾಯಿಗೆ ಕೆಮ್ಮು, ಎಲ್ಲವೂ ಅವನಿಗೆ ಗೊತ್ತು. ಎಗೊನ್‌ನ ಹೆಸರು ಕೂಡ ಯಾರ ನೆನಪಿನಲ್ಲೂ ಇರಲಿಲ್ಲ. ರಿಗ್ಮೋರ್ ಪ್ರೆಬೆನ್‌ಗೆ 'ಬಾರೋ' ಅನ್ನುವಳು, ಇವನಿಗೆ 'ಬನ್ನಿ'. ಆ 'ಬನ್ನಿ' ಎಗೊನ್‌ನ ಎದೆಯಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತ್ತು.

"ರಿಗ್ಮೋರ್‌ದು ಹಳೇ ಮಷೀನು, ಇನ್ನು ರಿಪೇರಿ ಬೇಡ," ಎಂದರು ವರ್ಕ್‌ಶಾಪಿನ ಯಜಮಾನ ವಿಗ್ಗೊ. "ಹೊಸದು ಹಾಕಿಬಿಡು, ಎಗೊನ್. ನಾಳೆ ಹಾಡುಗಾರರ ಸಂಘದ ಊಟಕ್ಕೆ ಅಂತ ರೂಮು ತುಂಬ ಮೀನು ತರಿಸಿದ್ದಾಳೆ."

ಎಗೊನ್ ಅವಳ ಅಂಗಡಿಗೆ ಹೋಗಿ ಕೆಲಸಕ್ಕೆ ಕೂತ. ರಿಗ್ಮೋರ್ ಹಳೆಯ ಸ್ವೆಟರೊಂದನ್ನು ಮಡಚಿ ಅವನ ಮೊಣಕಾಲ ಕೆಳಗೆ ಸರಿಸಿ, ಗಿರಾಕಿಗಳತ್ತ ಹೋದಳು. ಅವನು ಅದನ್ನು ಗಮನಿಸಲೇ ಇಲ್ಲ. ಅವನ ಕಣ್ಣೆಲ್ಲ ಅಡುಗೆಮನೆಯ ಕುರ್ಚಿಯ ಮೇಲಿತ್ತು. ಅದನ್ನು ಯಾರೂ ಇವನಿಗಾಗಿ ಎಳೆಯಲಿಲ್ಲ.

ಕೊನೆಯ ನಟ್ಟಿಗೆ ಬಂದಾಗ ಅವನ ಕೈ ನಿಂತಿತು. ತಾಮ್ರದ ಕೊಳವೆಗೆ ಆ ನಟ್ಟನ್ನು ಬಿಗಿದು, ಸಾಬೂನಿನ ನೊರೆ ಹಚ್ಚಿ, ಗುಳ್ಳೆ ಏಳುತ್ತದೆಯೇ ನೋಡಬೇಕು. ಗುಳ್ಳೆ ಎದ್ದರೆ ರೂಮನ್ನು ತಂಪಾಗಿಡುವ ಗ್ಯಾಸು ಸೋರುತ್ತಿದೆ ಎಂದರ್ಥ. ಎಗೊನ್ ಅರ್ಧ ಸುತ್ತು ಕಡಿಮೆ ಬಿಗಿದ. ನೊರೆಯನ್ನೂ ಹಚ್ಚಲಿಲ್ಲ. ಒಂದು ವಾರ ಮೆಲ್ಲಗೆ ಸೋರಲಿ. ಆಮೇಲೆ ಅವಳೇ ಕರೆದು ಕುರ್ಚಿ ಹಾಕುತ್ತಾಳೆ.

"ಸಾಬೂನು ಹಚ್ಚಲಿಲ್ವಲ್ಲ?" ದಿನಕ್ಕೊಂದು ಮೀನು ಕೊಂಡು ಅರ್ಧ ದಿನ ಅಲ್ಲೇ ನಿಲ್ಲುವ ಮುದುಕ ಥೋರ್ವಾಲ್ ಕೇಳಿದ. "ಹಾಲಿನ ಡೈರೀಲಿ ನೀನು ಹಚ್ಚಿದ್ದೆ, ನಾನೇ ನೋಡಿದ್ದೆ."

"ಇದು ಹೊಸ ಪದ್ಧತಿ, ಅಜ್ಜ."

"ಹೊಸದೇನಲ್ಲ. ಪ್ರೆಬೆನ್ ಮೊದಲಿಂದಲೂ ಹೀಗೇ ಮಾಡೋದು."

ಆದರೆ ಕೆಟ್ಟ ಕೆಲಸಕ್ಕೂ ಅಭ್ಯಾಸ ಬೇಕು. ವಾರ ಸೋರಬೇಕಾದ ಗ್ಯಾಸು ಮಧ್ಯಾಹ್ನದೊಳಗೆ ಖಾಲಿಯಾಯಿತು. ವರ್ಕ್‌ಶಾಪಿನ ಫೋನು ಬಡಿದುಕೊಂಡಿತು.

"ರಿಗ್ಮೋರ್ ರೂಮು ಬಿಸಿ ಆಗ್ತಿದೆಯಂತೆ," ಎಂದರು ವಿಗ್ಗೊ.

ಎಗೊನ್ ಆಗಲೇ ಪೆಟ್ಟಿಗೆ ಎತ್ತಿಕೊಂಡು, ಕೂದಲನ್ನೂ ಬಾಚಿಕೊಂಡಿದ್ದ. "ನಾನೇ ಹೋಗ್ತೀನಿ."

"ನೀನು ಬೇಡ. ಅವಳೇ ಹೇಳಿದ್ಲು, 'ಅವರು ಮಾಡಿದ್ದು ಕೆಡೋದುಂಟಾ? ಕರೆಂಟಿಂದೇ ಏನೋ ಇರಬೇಕು, ಅವರಿಗೆ ಯಾಕೆ ತೊಂದರೆ' ಅಂತ. ಪ್ರೆಬೆನ್ ಹೊರಟಾಯ್ತು."

ಪ್ರೆಬೆನ್ ಆ ನಟ್ಟನ್ನು ನೋಡಿದನೆಂದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾದ ಹಾಗೆ. ಎಗೊನ್ ಸೈಕಲ್ ಹತ್ತಿದ. ಚರ್ಚಿನ ತಿರುವಿನಲ್ಲಿ ಚೈನು ಕಳಚಿತು. ಸೈಕಲನ್ನು ಅಲ್ಲೇ ಬಿಟ್ಟು ಓಡಿದ.

ಅಂಗಡಿಯ ಮುಂದೆ ನೆರೆಹೊರೆಯವರೆಲ್ಲ ಸಾಲಾಗಿ ನಿಂತು ಮೀನಿನ ಪೆಟ್ಟಿಗೆಗಳನ್ನು ಕೈಯಿಂದ ಕೈಗೆ ದಾಟಿಸಿ ಐಸ್ ಲಾರಿಗೆ ತುಂಬುತ್ತಿದ್ದರು. "ಬಾ, ಹಿಡಿ," ಎಂದು ಥೋರ್ವಾಲ್ ಒಂದು ಪೆಟ್ಟಿಗೆಯನ್ನು ಅವನ ಕೈಗೆ ತುರುಕಿದ. ಎಗೊನ್ ಐಸಿನ ಮೇಲೆ ಜಾರಿ, ಮೀನುಗಳ ಜೊತೆಗೇ ಬೀದಿಯ ಮೇಲೆ ಮಲಗಿದ. ಬೇಕರಿಯ ಹೆಂಗಸು ಅವನ ತಲೆಗೂದಲಿನಿಂದ ಒಂದು ಮೀನನ್ನು ಬಿಡಿಸಿದಳು.

ಲಾರಿ ತುಂಬುವವರೆಗೂ ಯಾರೂ ಅವನನ್ನು ಬಿಡಲಿಲ್ಲ. ಆಮೇಲೆ ಒಳಗೆ ಹೋಗಿ ನೋಡಿದರೆ ಪ್ರೆಬೆನ್ ಅದೇ ಕುರ್ಚಿಯಲ್ಲಿ ಕೂತಿದ್ದ, ಎದುರಿಗೆ ವಡೆಯ ತಟ್ಟೆ. ಕೋಲ್ಡ್ ರೂಮು ಸುಖವಾಗಿ ಗುನುಗುತ್ತಿತ್ತು. ರಿಗ್ಮೋರ್ ಕೈ ಒರೆಸಿಕೊಳ್ಳುತ್ತ ಬಂದಳು. ಎಗೊನ್ ತಲೆ ತಗ್ಗಿಸಿದ.

"ಕರೆಂಟು ಮೇಲೆ ಕೆಳಗೆ ಆಗಿತ್ತಂತೆ, ಪ್ರೆಬೆನ್ ಹೇಳಿದ," ಎಂದಳು ಅವಳು. "ನನಗೆ ಗೊತ್ತೇ ಇತ್ತು, ನಿಮ್ಮ ಕೆಲಸ ಅಲ್ಲ ಅಂತ. ಸದ್ಯ, ಇನ್ನು ಇಪ್ಪತ್ತು ವರ್ಷ ನಿಮ್ಮ ಮುಖ ನೋಡೋ ಹಾಗಿಲ್ಲ ನೋಡಿ." ಇದಕ್ಕಿಂತ ದೊಡ್ಡ ಹೊಗಳಿಕೆ ಅವಳ ಹತ್ತಿರ ಇರಲಿಲ್ಲ. ಮೀನು ಎಣಿಸಲು ಹೊರಗೆ ಹೋದಳು.

ಪ್ರೆಬೆನ್ ಅವನನ್ನು ಹಿಂಬಾಗಿಲಿಗೆ ಕರೆದೊಯ್ದು ದನಿ ತಗ್ಗಿಸಿದ. "ನಟ್ಟು ಸಡಿಲ ಇತ್ತು, ಬಿಗಿದು ಗ್ಯಾಸು ತುಂಬಿಸಿದೆ. ನಾನು ಯಾರಿಗೂ ಹೇಳಿಲ್ಲ."

ಎಗೊನ್ ತೋಳಿಗೆ ಅಂಟಿದ್ದ ಮೀನಿನ ಪೊರೆಯನ್ನು ಕೆರೆಯತೊಡಗಿದ.

"ನಾಚ್ಕೋಬೇಡ. ನೊರೆ ಹಚ್ಚೋಕೆ ಬೇಜಾರಾಯ್ತು, ಅಲ್ವಾ? ನನಗೂ ಅಷ್ಟೇ." ಪ್ರೆಬೆನ್ ಅವನ ಬೆನ್ನು ತಟ್ಟಿದ. "ಇಷ್ಟು ವರ್ಷ ನಿನ್ನ ನೋಡಿ ಹೊಟ್ಟೆ ಉರೀತಿತ್ತು ಮಾರಾಯ. ಒಂದು ಸಲ ಹಾಕ್ತೀಯ, ಸಂಜೆ ನೆಟ್ಟಗೆ ಮನೆಗೆ ಹೋಗ್ತೀಯ. ನಾನು ನೋಡು, ಬೀದಿ ಬೀದಿ ಅಲೀತೀನಿ. ಇವತ್ತು ಸಮಾಧಾನ ಆಯ್ತು. ನೀನೂ ನಮ್ಮವನೇ."

ಕದ್ದು ಸಿಕ್ಕಿಬಿದ್ದಿದ್ದರೂ ಎಗೊನ್‌ಗೆ ಇಷ್ಟು ಅವಮಾನವಾಗುತ್ತಿರಲಿಲ್ಲ. ಬೇಕೆಂದೇ ಮಾಡಿದೆ ಎಂದು ಹೇಳುವಂತಿಲ್ಲ, ಸೋಮಾರಿತನದಿಂದ ಎಂದು ಒಪ್ಪುವಂತಿಲ್ಲ. ಅಷ್ಟರಲ್ಲಿ ಅವನ ಹೊಟ್ಟೆ ಗುರುಗುಟ್ಟಿತು. ಬೆಳಗಿನಿಂದ ಅವನು ಏನೂ ತಿಂದಿರಲಿಲ್ಲ.

ಪ್ರೆಬೆನ್ ಅತ್ತಿತ್ತ ನೋಡಿ, ತನ್ನ ಚೀಲದಿಂದ ಒಂದು ತಗಡಿನ ಡಬ್ಬಿ ತೆಗೆದ. ಒಳಗೆ ಅರೆದ ಲಿವರ್ ಹಚ್ಚಿದ ಕಪ್ಪು ಬ್ರೆಡ್ಡು, ಮೇಲೆ ಎರಡು ಬಿಲ್ಲೆ ಉಪ್ಪಿನ ಸೌತೆಕಾಯಿ. ಅವನ ಹೆಂಡತಿ ಬೆಳಿಗ್ಗೆ ಕಟ್ಟಿಕೊಟ್ಟದ್ದು.

"ಹೋದಲ್ಲೆಲ್ಲ ತಿನ್ನಿಸ್ತಾರೆ, ಇದು ದಿನಾ ಹಾಗೇ ಉಳಿಯುತ್ತೆ. ಅವಳಿಗೆ ಬೇಜಾರು," ಎಂದು ಮೆಲ್ಲಗೆ ಎಗೊನ್‌ನ ಕೈಗಿಟ್ಟ. "ಖಾಲಿ ಮಾಡಿಕೊಡು."