ಎ.ಸಿ. ಕೆಟ್ಟ ಫ್ಲ್ಯಾಟಿಗೊಬ್ಬ ನಾಯಕ

ಕುವೈತಿಗೆ ಬಂದ ಮೇಲೆ ನಾನು ಬಾಯಿ ತೆರೆದದ್ದೇ ಹೆಚ್ಚು, ಮುಚ್ಚಿದ್ದು ಕಡಿಮೆ ಮಾರಾಯ್ರೆ. ಒಂದು ಆಶ್ಚರ್ಯದಿಂದ ಸುಧಾರಿಸಿಕೊಳ್ಳುವಷ್ಟರಲ್ಲಿ ಇನ್ನೊಂದು ಬಂದು ಎದುರು ಕೂತಿರುತ್ತದೆ. ದೇಶ ಆಳುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತಾದದ್ದು ಪೇಪರ್ ಓದಿ ಅಲ್ಲ, ನಮ್ಮ ಫ್ಲ್ಯಾಟಿನ ಎ.ಸಿ. ಕೆಟ್ಟು.

ದೇಶ ರಿಪೇರಿ

ನಾವೆಲ್ಲ ರಾಯ್ ಅನ್ನುವ ಪೇಟೆಯ ಒಂದು ಶೋರೂಮಿನಲ್ಲಿ ಕೆಲಸಕ್ಕಿದ್ದವರು. ಮಾರುತ್ತಿದ್ದದ್ದು ಎ.ಸಿ. ಮತ್ತು ಫ್ರಿಜ್. ಕಂಪನಿ ಕೊಟ್ಟ ಫ್ಲ್ಯಾಟಿನಲ್ಲಿ ಒಟ್ಟಿಗೆ ಇದ್ದೆವು. ಶುಕ್ರವಾರ ರಜೆ. ಬೆಳಿಗ್ಗೆ ತಿಂಡಿ ಆದ ಕೂಡಲೇ ಹಾಲ್‌ನಲ್ಲಿ ಕೂತು ಊರಲ್ಲಿ ಬಿಟ್ಟು ಬಂದ ದೇಶವನ್ನು ರಿಪೇರಿ ಮಾಡುವುದು ನಮ್ಮ ಪದ್ಧತಿ.

ಅದರಲ್ಲಿ ಪುತ್ತೂರಿನ ಸ್ಟೋರ್‌ಕೀಪರ್ ಒಬ್ಬರು ಮುಂದು. ಅವರನ್ನು ನಾವು ಭಾಷಣದಣ್ಣ ಅಂತಲೇ ಕರೆಯುತ್ತಿದ್ದದ್ದು. ಅವರ ಖಾಯಂ ಮಾತು ಒಂದುಂಟು. "ಮಂತ್ರಿ ಬರ್ತಾರೆ ಅಂದ್ರೆ ಹಿಂದಿನ ದಿನ ರಸ್ತೆಗೆ ಟಾರು ಹಾಕ್ತಾರೆ. ಮತ್ತೆ ಅವರಿಗೆ ಗುಂಡಿ ಕಾಣುವುದು ಹೇಗೆ? ನಾಯಕ ಸರಿ ಇದ್ರೆ ದೇಶ ಸರಿ ಇರ್ತದೆ."

ನಾವೆಲ್ಲ ತಲೆ ಆಡಿಸುತ್ತಿದ್ದೆವು. ತಲೆ ಆಡಿಸಲಿಕ್ಕೆ ತಂಪು ಹಾಲ್ ಇತ್ತಲ್ಲ.

ಜುಲೈ ತಿಂಗಳಲ್ಲಿ ಆ ಹಾಲ್‌ನ ಎ.ಸಿ. ಸತ್ತಿತು. ಕುವೈತಿನ ಜುಲೈ ಅಂದರೆ ನಲ್ಲಿಯ ತಣ್ಣೀರಿನಲ್ಲಿ ಚಹಾ ಮಾಡಬಹುದು. ಒಳಗಿನ ಕೋಣೆಗಳಿಗೆ ಕಿಟಕಿಯೂ ಸರಿಯಾಗಿಲ್ಲ, ತಂಪು ಹಾಲ್‌ನಿಂದಲೇ ಬರಬೇಕು. ಎ.ಸಿ. ಮಾರುವವರ ಮನೆಯಲ್ಲೇ ಎ.ಸಿ. ಇಲ್ಲ, ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಇದಕ್ಕೇ ಇರಬೇಕು. ನಮ್ಮ ಧಣಿ, ಅಂದರೆ ಕಫೀಲ್, ಒಳ್ಳೆಯ ಮನುಷ್ಯ. ಒಬ್ಬರು ಹೋಗಿ ಒಂದು ಮಾತು ಹೇಳಿದರೆ ಸಾಕಿತ್ತು.

ಯಾರು ಹೋಗ್ತೀರಿ ಅಂತ ಕೇಳಿದೆ. ಇಡೀ ದೇಶವನ್ನೇ ನಡೆಸಲು ತಯಾರಿದ್ದವರಲ್ಲಿ ಒಬ್ಬರಿಗೆ ಸೊಂಟ ಹಿಡಿಯಿತು, ಒಬ್ಬರಿಗೆ ಅರಬ್ಬಿ ಮರೆತುಹೋಯಿತು, ಒಬ್ಬರು ಸ್ನಾನಕ್ಕೆ ಹೋದವರು ಹೊರಗೇ ಬರಲಿಲ್ಲ.

ಕಾಫಿಯ ಗೆಲುವು

ಕೊನೆಗೆ ಭಾಷಣದಣ್ಣನನ್ನೇ ನಾಯಕ ಮಾಡಿ ಕಫೀಲ್‌ನ ದಿವಾನಿಯಾಕ್ಕೆ ಕಳಿಸಿದೆವು. ದಿವಾನಿಯಾ ಅಂದರೆ ಸಂಜೆ ಗಂಡಸರೆಲ್ಲ ಸೇರಿ ಮಾತಾಡುವ ಚಾವಡಿ. ಜೊತೆಗೆ ನಾನೂ ಹೋದೆ.

ಅಲ್ಲಿ ಸಣ್ಣ ಕಪ್ಪಿನಲ್ಲಿ ಕಾಫಿ ಕೊಡುತ್ತಾರೆ. ಸಾಕಾದರೆ ಕಪ್ಪನ್ನು ಸ್ವಲ್ಪ ಅಲುಗಾಡಿಸಿ ಕೊಡಬೇಕು. ಸುಮ್ಮನೆ ಕೊಟ್ಟರೆ ಇನ್ನೂ ಬೇಕು ಅಂತ ಲೆಕ್ಕ. ಇದು ನಮಗೆ ಗೊತ್ತಿರಲಿಲ್ಲ. ಅಣ್ಣ ಕುಡಿದು ಕೊಟ್ಟರು, ಕಾಫಿಯವ ಹೊಯ್ದ. ಮತ್ತೆ ಕುಡಿದು ಕೊಟ್ಟರು, ಮತ್ತೆ ಹೊಯ್ದ. ದೊಡ್ಡವರ ಮನೆಯಲ್ಲಿ ಬೇಡ ಅಂದರೆ ಮರ್ಯಾದೆ ಅಲ್ಲ ಅಂತ ಅಣ್ಣ ಬೆವರೊರೆಸಿಕೊಂಡು ಕುಡಿದೇ ಕುಡಿದರು. ಮಾತು ಶುರು ಮಾಡಲು ಬಾಯಿ ತೆರೆದಾಗಲೆಲ್ಲ ಕಪ್ಪು ಎದುರಿಗಿತ್ತು.

ಕಫೀಲ್‌ಗೆ ತುಂಬ ಖುಷಿ ಆಯಿತು. ಏನಾದರೂ ಹೇಳಲಿಕ್ಕಿದೆಯಾ ಅಂತ ಕೇಳಿದರು. ಅಣ್ಣ ಎದ್ದು ನಿಂತು, ಗಂಟಲು ಸರಿ ಮಾಡಿಕೊಂಡು, ಕಾಫಿ ಬಹಳ ಚೆನ್ನಾಗಿದೆ ಅಂದರು. ಎ.ಸಿ.ಯ ಮಾತು ನನ್ನ ನಾಲಿಗೆಯ ತುದಿಗೆ ಬಂತು. ಆದರೆ ನಾಯಕರು ಎದುರಿರುವಾಗ ನಾನು ಬಾಯಿ ಹಾಕುವುದು ಸರಿಯಾ? ನಾನೂ ಕಪ್ಪು ಮುಂದೆ ಹಿಡಿದೆ.

ಎ.ಸಿ. ಕೇಳಲು ಹೋದವರು ಕಫೀಲ್ ಕೊಟ್ಟ ಒಂದು ಡಬ್ಬಿ ಕಾಫಿಪುಡಿ ಹಿಡಿದುಕೊಂಡು ಬಂದೆವು. ಅದೂ ಬಿಸಿಯಾಗಿಯೇ ಕುಡಿಯಬೇಕಾದದ್ದು.

ಗಾಳಿ ಬರಲಿ

ಎರಡನೆಯ ನಾಯಕರು ನಮ್ಮ ಅಕೌಂಟೆಂಟ್, ಮಂಗಳೂರಿನ ಕ್ರಿಶ್ಚಿಯನ್ನರು, ನಮ್ಮ ಬಾಯಲ್ಲಿ ಪೊರ್ಬುಗಳು. ಶಿಸ್ತಿನ ಮನುಷ್ಯ. ಬೇಡುವುದು ಆಮೇಲೆ, ಮೊದಲು ನಾವು ಸರಿಯಾಗಬೇಕು ಅಂದರು. ಹಗಲು ಒಲೆ ಹಚ್ಚಬಾರದು, ಸಾರಿಗೆ ಮೆಣಸು ಹಾಕಬಾರದು, ಹಾಲ್‌ನ ಕಿಟಕಿಗಳನ್ನು ಮುಚ್ಚಲೇಬಾರದು. ಗಾಳಿ ಬರಲಿ ಅಂತ.

ಗಾಳಿ ಬಂತು. ಧೂಳನ್ನೂ ಕಟ್ಟಿಕೊಂಡು ಬಂತು. ಒಂದು ಮಧ್ಯಾಹ್ನ ಕೆಲಸದಿಂದ ಬಂದು ಬಾಗಿಲು ತೆರೆದರೆ ನನ್ನ ಹಾಸಿಗೆ ಯಾವುದು, ಮರುಭೂಮಿ ಯಾವುದು ಅಂತ ಗೊತ್ತಾಗಲಿಲ್ಲ. ಮೀನುಸಾರಿನಲ್ಲಿ ಮೀನಿಗಿಂತ ಮರಳು ಜಾಸ್ತಿ.

ನಾಯಕರೆಲ್ಲಿ ಅಂತ ಹುಡುಕಿದೆವು. ರುಮೈಥಿಯಾ ಅನ್ನುವಲ್ಲಿ ತಮ್ಮ ಅಕ್ಕನ ಮನೆಯಲ್ಲಿ, ಎ.ಸಿ. ಕೆಳಗೆ ಹೊದ್ದು ಮಲಗಿದ್ದರು. ಫೋನಿನಲ್ಲಿ ಬೈದದ್ದಕ್ಕೆ ಸ್ವಲ್ಪವೂ ನಾಚಿಕೆ ಇಲ್ಲ ಮಾರಾಯ್ರೆ. "ನಾಯಕನ ಆರೋಗ್ಯ ಸರಿ ಇದ್ರೆ ಅಲ್ವಾ ನಿಮ್ಮನ್ನು ನೋಡಿಕೊಳ್ಳುವುದು?" ಅಂದರು.

ಧಣಿ ಬಂದರು

ಇನ್ನು ಒಂದು ವಾರ ಹೀಗೇ ಹೋದರೆ ನಮ್ಮನ್ನು ಊರಿಗೆ ಒಣಮೀನಿನ ಹಾಗೆ ಕಟ್ಟಿ ಕಳಿಸಬೇಕಿತ್ತು. ಆಗ ಎದ್ದವರು ಶೋರೂಮಿನ ವ್ಯಾನ್ ಓಡಿಸುವ, ನಮ್ಮ ಕರಾವಳಿಯದೇ ಮುಸ್ಲಿಂ ಹಿರಿಯರು, ಬ್ಯಾರಿ ಕಾಕ. ಅವರು ಯಾರನ್ನೂ ಕೇಳದೆ ಹೋಗಿ ಕಫೀಲ್‌ಗೆ ವಿಷಯ ಹೇಳಿದರು. ಶುಕ್ರವಾರ ಊಟಕ್ಕೆ ಬರುತ್ತೇನೆ, ಕಣ್ಣಾರೆ ನೋಡುತ್ತೇನೆ, ಅಷ್ಟು ಸೆಖೆ ಇದ್ದರೆ ಶನಿವಾರವೇ ಹೊಸ ಎ.ಸಿ. ಹಾಕಿಸುತ್ತೇನೆ ಅಂತ ಕಫೀಲ್ ಮಾತು ಕೊಟ್ಟರಂತೆ.

"ಯಾರೂ ಎಂತದ್ದೂ ಮಾಡಬೇಡಿ," ಅಂದರು ಕಾಕ. "ಧಣಿ ಬಂದು ಸ್ವಲ್ಪ ಬೆವರಿದ್ರೆ ಸಾಕು."

ಇಷ್ಟು ಸುಲಭದ ರಾಜ್ಯಭಾರ ಉಂಟಾ? ನಾವೆಲ್ಲ ಒಪ್ಪಿದೆವು.

ಆದರೆ ನಮ್ಮ ಕಡೆಯವರ ಹುಟ್ಟುಗುಣ ಎಲ್ಲಿಗೆ ಹೋಗುತ್ತದೆ? ಮನೆಗೆ ಬಂದ ನೆಂಟರನ್ನು ಬೆವರಿಸಿ ಕಳಿಸುವುದುಂಟಾ? ಶುಕ್ರವಾರ ಬೆಳಿಗ್ಗೆ ನಾನು ಯಾರಿಗೂ ಹೇಳದೆ ಒಂದು ಐಸ್ ಗಡ್ಡೆ ತಂದು ಫ್ಯಾನಿನ ಮುಂದೆ ಟಬ್ಬಿನಲ್ಲಿಟ್ಟೆ. ಪೊರ್ಬುಗಳು ಅಕ್ಕನ ಮನೆಯಿಂದ ಎರಡು ದೊಡ್ಡ ಫ್ಯಾನ್ ಹೊತ್ತು ತಂದರು. ಭಾಷಣದಣ್ಣ ಶೋರೂಮಿನಲ್ಲಿ ನೋಡಲಿಕ್ಕೆ ಇಟ್ಟಿದ್ದ ಚಕ್ರದ ಎ.ಸಿ.ಯನ್ನೇ ಸಂಜೆಗೆ ವಾಪಸ್ ಇಡುವ ಕರಾರಿನಲ್ಲಿ ತಂದುಬಿಟ್ಟರು. ಕಾಕ ನೋಡಿ ಬೈಯುತ್ತಾರೆ ಅಂತ ಅಡುಗೆಕೋಣೆಗೆ ಇಣುಕಿದರೆ, ಅವರು ಫ್ರಿಜ್ಜಿನಿಂದ ತಂಪು ಪುನರ್ಪುಳಿ ಶರಬತ್ತು ತೆಗೆಯುತ್ತಿದ್ದರು. "ಎಂತ ಮಾಡುವುದು, ನೆಂಟ ಅಲ್ವಾ?" ಅಂದರು ನನ್ನ ಮುಖ ನೋಡದೆ.

ಕಫೀಲ್ ಬಂದರು. ತುಪ್ಪದ ಅನ್ನ ಉಂಡರು, ಶರಬತ್ತು ಕುಡಿದರು, ನಡುವೆ ಮೈ ಚಳಿಯಾಗುತ್ತದೆ, ಒಂದು ಫ್ಯಾನ್ ಆ ಕಡೆ ತಿರುಗಿಸಿ ಅಂದರು. ತಿರುಗಿಸಿದ್ದು ನಾನೇ. ಇಷ್ಟು ಚಂದ ವ್ಯವಸ್ಥೆ ಮಾಡಿದ್ದು ಯಾರು ಅಂತ ಕೇಳಿದರು. ಇಷ್ಟು ದಿನ ನಾಯಕತ್ವ ಅಂದರೆ ಸೊಂಟ ಹಿಡಿಯುತ್ತಿದ್ದವರೆಲ್ಲ ಕೈ ಎತ್ತಿದರು.

ಏಳುವಾಗ ಕಫೀಲ್ ಕಾಕನ ಬೆನ್ನು ತಟ್ಟಿದರು. "ಮಾಷಾಲ್ಲಾ, ನನ್ನ ದಿವಾನಿಯಾಕ್ಕಿಂತ ಇಲ್ಲೇ ತಂಪು. ನಿಮಗೇನೂ ಕಷ್ಟ ಇಲ್ಲ. ಗೋದಾಮಿನವರ ಫ್ಲ್ಯಾಟಿನಲ್ಲಿ ಪಾಪ ಭಾರೀ ಸೆಖೆ. ಹೊಸ ಎ.ಸಿ. ಅಲ್ಲಿಗೆ ಹಾಕಿಸ್ತೇನೆ. ಖಲಾಸ್."

ಬಾಗಿಲು ಮುಚ್ಚಿತು. ಟಬ್ಬಿನಲ್ಲಿ ಐಸ್ ಕರಗಿ ನೀರಾಗಿತ್ತು. ಭಾಷಣದಣ್ಣ ತೆರೆದ ಬಾಯಿ ತೆರೆದ ಹಾಗೇ ಚಕ್ರದ ಎ.ಸಿ. ಪಕ್ಕ ಕೂತಿದ್ದರು.

ಕಾಕ ಹೋಗಿ ಅದರ ಪ್ಲಗ್ ಕಿತ್ತರು.

"ಏಳಿ ಅಣ್ಣಾ," ಅಂದರು. "ಮಂತ್ರಿಗಳು ಹೋದ್ರು. ಇನ್ನು ಟಾರು ಕಿತ್ತು ವಾಪಸ್ ಕೊಟ್ಟು ಬರುವ."