ಸೆನೊಪತಿಗೆ ನಿದ್ದೆ ಕಲಿಸಿದ ಪೆಟ್ಟಿಗೆ

ಅರ್ಧ ಗಂಟೆಗೊಮ್ಮೆ ಸಾಯುವ ಯಂತ್ರವೊಂದನ್ನು ನಾನು ದುಡ್ಡು ಕೊಟ್ಟು ಮನೆಗೆ ತಂದೆ. ನನ್ನ ಹೆಂಡತಿ ವಾರ್ಸಿನಿಯ ಪ್ರಕಾರ ಅಂಥದ್ದು ಮನೆಯಲ್ಲಿ ಆಗಲೇ ಒಂದಿತ್ತು. ಅದು ಊಟವಾದ ಮೇಲೆ ಜಗಲಿಯ ಬೆತ್ತದ ಕುರ್ಚಿಯಲ್ಲಿ ಸಾಯುತ್ತಿತ್ತು.

ಯಂತ್ರ ತಂದದ್ದು ನನಗಲ್ಲ, ಸೆನೊಪತಿಗೆ. ಸೆನೊಪತಿ ನನ್ನ ಮುರಾಯ್ ಹಕ್ಕಿ. ಗಾತ್ರ ಒಂದು ನಿಂಬೆಹಣ್ಣಿನಷ್ಟು, ಬಾಲ ಅರ್ಧ ಮೊಳ, ಗತ್ತು ಮೂರು ಜಿಲ್ಲೆಗಾಗುವಷ್ಟು. ಮುರಾಯ್ ಕೇಳಿದ್ದನ್ನೆಲ್ಲ ಕಲಿಯುತ್ತದೆ. ಅದು ಗರಿ ಉದುರಿಸುವ ಎರಡು ತಿಂಗಳು ಪಂಜರಕ್ಕೆ ಬಟ್ಟೆ ಹೊದಿಸಿ, ಪಕ್ಕದಲ್ಲಿ ಬೇರೆ ಹಕ್ಕಿಗಳ ಹಾಡನ್ನು ದಿನವಿಡೀ ಕೇಳಿಸಿದರೆ ಹೊಸ ಗರಿಯ ಜೊತೆ ಹೊಸ ಹಾಡೂ ಬರುತ್ತದೆ. ಇದು ಗೊತ್ತಿಲ್ಲದ ಗಂಡಸು ನಮ್ಮೂರು ಕ್ಲಾಟೆನ್‌ನಲ್ಲಿಲ್ಲ. ಇದನ್ನು ಸಹಿಸುವ ಹೆಂಗಸೂ ಇಲ್ಲ.

ವಾರ್ಸಿನಿಯ ತಕರಾರು ಹಾಡಿನದ್ದಲ್ಲ, ಜಾಗದ್ದು. ಅವಳು ನೆಲಗಡಲೆ ಹಾಕಿ ಗರಿಗರಿ ರೆಂಪೆಯೆಕ್ ಕರಿದು ಮಾರುತ್ತಾಳೆ. ಕರಿಯುವುದು ಹಿತ್ತಲ ಬಾವಿಯ ಪಕ್ಕ, ಯಾರ ಕಣ್ಣಿಗೂ ಬೀಳದ ಕಡೆ. ಬೀದಿಗೆ ಮುಖ ಮಾಡಿದ ಜಗಲಿಯಲ್ಲಿ ಸೆನೊಪತಿಯ ಆಸ್ಥಾನ.

"ಬೀದಿ ಕಾಣೋ ಜಾಗ ಹಕ್ಕಿಗೆ, ಹೊಗೆ ಕಾಣೋ ಜಾಗ ಹೆಂಡ್ತಿಗೆ. ನ್ಯಾಯ ಅಂದ್ರೆ ಇದು" ಎಂದಳು ಒಂದು ದಿನ.

"ಈ ಸಲ ಹಕ್ಕಿ ಹಾಡಿನ ಪಂದ್ಯದಲ್ಲಿ ಅವನು ಮೊದಲ ಮೂರರಲ್ಲಿ ಬರ್ತಾನೆ ನೋಡು."

"ಬರದಿದ್ರೆ?"

"ಬರದಿದ್ರೆ ಜಗಲಿ ನಿಂದು. ಹಕ್ಕಿ ಬಾವಿ ಹತ್ರ."

ಗಂಡಸು ಹೊಟ್ಟೆ ತುಂಬಿದಾಗ ಇಂಥ ಒಪ್ಪಂದಗಳನ್ನು ಮಾಡಿಕೊಳ್ಳಬಾರದು.

ಮರುದಿನವೇ ಪೇಟೆಯಿಂದ ಬೆಂಕಿಪೊಟ್ಟಣದ ಗಾತ್ರದ, ಹಾಡು ನುಡಿಸುವ ಪ್ಲೇಯರ್ ತಂದೆ. ಹಾಡು ತುಂಬಿಸಿ, ಪಂಜರದ ಪಕ್ಕ ತೂಗುಹಾಕಿ, ಕಚೇರಿಗೆ ಹೋದೆ. (ತಾಲ್ಲೂಕು ಕಚೇರಿಯಲ್ಲಿ ನಾನು ಗುಮಾಸ್ತ.) ಸಂಜೆ ಬಂದು ಬಟ್ಟೆ ಸರಿಸಿದರೆ ಯಂತ್ರ ತಣ್ಣಗಿತ್ತು.

"ನೀವು ಗೇಟು ದಾಟಿ ಅರ್ಧ ಗಂಟೆಗೇ ನಿಂತೋಯ್ತು" ಎಂದಳು ವಾರ್ಸಿನಿ. "ಟಿಂ, ಟಿಂ, ಟೂಂ ಅಂತು. ಆಮೇಲೆ ಉಸಿರಿಲ್ಲ."

"ಗುಂಡಿ ಒತ್ತೋಕೆ ಏನಾಗಿತ್ತು?"

"ನಂಗೇನು ಗೊತ್ತು? ಊಟಕ್ಕೆ ಬಿಟ್ಟಿದೀರೇನೋ ಅಂದ್ಕೊಂಡೆ."

ಮೆನುವಿನಲ್ಲಿ ಹುಡುಕಿದೆ. 'ಸ್ಲೀಪ್' ಎಂದಿತ್ತು, ಪಕ್ಕದಲ್ಲಿ ಮೂವತ್ತು. ಅದನ್ನು ಸೊನ್ನೆ ಮಾಡಿ, ಸಾಮ್ರಾಜ್ಯ ಗೆದ್ದವನಂತೆ ಕುರ್ಚಿಯಲ್ಲಿ ಕೂತೆ. ಅರ್ಧ ಗಂಟೆ ಕಳೆಯಿತು. ಟಿಂ, ಟಿಂ, ಟೂಂ.

"ಪೆಟ್ಟಿಗೆ ಜೊತೆ ಪುಸ್ತಕ ಕೊಟ್ಟಿದಾರಲ್ರೀ, ಓದಬಾರದಾ?"

"ಯಂತ್ರದ ವಿಷಯ ನಂಗೆ ಹೇಳ್ಕೊಡ್ಬೇಡ."

"ಸರಿ ಬಿಡಿ" ಎಂದು ಅವಳು ಪುಸ್ತಕವನ್ನು ಒಳಗೆ ಒಯ್ದಳು. ಅರ್ಧ ಗಂಟೆಯ ನಂತರ ಅದರ ಹಾಳೆಗಳ ಮೇಲೆ ಬಿಸಿ ರೆಂಪೆಯೆಕ್ ಎಣ್ಣೆ ಬಸಿಯುತ್ತಿತ್ತು.

ನನಗೆ ಆಮೇಲೆ ತಿಳಿದದ್ದು ಇಷ್ಟು: ಅದರೊಳಗೆ ಎರಡು ಬಗೆಯ ನಿದ್ದೆಗಳಿದ್ದವು. ಒಂದು, ನಾವು ಹೊತ್ತು ಗೊತ್ತುಮಾಡಿ ಮಲಗಿಸುವುದು. ಇನ್ನೊಂದು, ಬ್ಯಾಟರಿ ಉಳಿಸಲೆಂದು ಅದು ತಾನಾಗಿ ಆರಿಹೋಗುವುದು. ಅರ್ಧ ಗಂಟೆ ಯಾರೂ ಗುಂಡಿ ಮುಟ್ಟದಿದ್ದರೆ, ಕೇಳುವವನು ಮಲಗಿದ್ದಾನೆ ಎಂದು ಅದರ ತೀರ್ಮಾನ. ಕೇಳುವವನಿಗೆ ಕೈಗಳೇ ಇರದೆ ರೆಕ್ಕೆಗಳಿರಬಹುದೆಂದು ಅದನ್ನು ಮಾಡಿದವರಿಗೆ ತೋಚಿರಲಿಲ್ಲ. ನಾನು ಮೊದಲನೆಯ ನಿದ್ದೆ ಕಳೆದಿದ್ದೆ. ಎರಡನೆಯದು ಮೆನುವಿನ ಯಾವುದೋ ಮೂಲೆಯಲ್ಲಿ ಗೊರಕೆ ಹೊಡೆಯುತ್ತಿತ್ತು.

ಕೊನೆಗೆ ಕೈಮುಗಿದು ವಾರ್ಸಿನಿಯನ್ನೇ ಕೇಳಿದೆ.

"ಅರ್ಧ ಗಂಟೆಗೊಂದು ಸಲ ಒತ್ತಿದ್ರೆ ಸಾಕು ಕಣೇ."

"ಅಂದ್ರೆ ನನ್ನ ಜಗಲಿ ನನ್ನ ಕೈತಪ್ಪೋ ಹಾಗೆ ನಾನೇ ಗುಂಡಿ ಒತ್ತಬೇಕು?"

"ಹೂಂ."

"ಒತ್ತೀನಿ. ಆಮೇಲೆ ಸೋತಾಗ ನನ್ನಿಂದ ಅನ್ನೋ ಹಾಗಿಲ್ಲ" ಎಂದಳು.

ಒತ್ತಿದಳು. ಅದರಲ್ಲಿ ಮೋಸವಿಲ್ಲ. ಎರಡು ತಿಂಗಳು, ದಿನಕ್ಕೆ ಹದಿನೈದಿಪ್ಪತ್ತು ಸಲ, ಕಾದ ಎಣ್ಣೆ ಬಿಟ್ಟು, ಕೈಯಲ್ಲಿ ಜಾಲರಿ ಸೌಟು ಹಿಡಿದೇ ಜಗಲಿಗೆ ಓಡಿಬಂದು, "ಏಯ್, ಮತ್ತೆ ಸತ್ತೋಯ್ತಾ!" ಎಂದು ಗದರಿ ಗುಂಡಿ ಒತ್ತುತ್ತಿದ್ದಳು. ಆ ದನಿ ಎದುರು ಬೀದಿಯ ಹರ್ಜೋನೊ ಮನೆಗೂ ಕೇಳುತ್ತಿತ್ತು. ಹರ್ಜೋನೊ ನನ್ನ ಪ್ರತಿಸ್ಪರ್ಧಿ. ಅವನ ಹಕ್ಕಿಗಿಂತ ಅವನ ಗಂಟಲು ದೊಡ್ಡದು. ಹೋದ ವರ್ಷದ ಪಂದ್ಯದಲ್ಲಿ ಹಗ್ಗದಾಚೆ ನಿಂತು ತನ್ನ ಹಕ್ಕಿಯ ನಂಬರನ್ನು ಕೂಗಿ ಕೂಗಿ, ತೀರ್ಪುಗಾರರ ಕಣ್ಣು ಸೆಳೆದು ಬಹುಮಾನ ಹೊಡೆದಿದ್ದ. ಅದಕ್ಕೇ ನಾನು ಪಂದ್ಯದ ಸಮಿತಿಯಲ್ಲಿ ಪಟ್ಟುಹಿಡಿದು ಏಳನೆಯ ನಿಯಮವನ್ನು ಸೇರಿಸಿದೆ: ಮಾಲೀಕನಾಗಲಿ, ಅವನ ಮನೆಯವರಾಗಲಿ ಕೂಗಿದರೆ ಆ ಹಕ್ಕಿ ಪಂದ್ಯದಿಂದ ಹೊರಗೆ. ಅದನ್ನು ದಪ್ಪ ಅಕ್ಷರದಲ್ಲಿ ಬರೆದವನೂ ನಾನೇ.

ಸೆನೊಪತಿಗೆ ಹೊಸ ಗರಿ ಬಂತು. ಬೆಳಿಗ್ಗೆ ಸ್ನಾನ ಮಾಡಿಸುವಾಗ ಎರಡು ನಿಮಿಷ ಹಾಡು ಕೇಳಿ ಕಚೇರಿಗೆ ಓಡುತ್ತಿದ್ದೆ. ಅಮೋಘವಾಗಿತ್ತು. ನಡುವೆ ಒಮ್ಮೊಮ್ಮೆ ಟಿಂ, ಟಿಂ, ಟೂಂ ಕೇಳಿದಾಗ ದರಿದ್ರ ಯಂತ್ರ ಎಂದು ಬೈದುಕೊಳ್ಳುತ್ತಿದ್ದೆ. (ಅಂಥ ಒಂದು ದಿನ ಆರಿಸಿದ ಯಂತ್ರ ನನ್ನ ಜೇಬಿನಲ್ಲೇ ಇತ್ತು. ಆಗಲಾದರೂ ಯೋಚಿಸಬೇಕಿತ್ತು.)

ಭಾನುವಾರ ಮೈದಾನದಲ್ಲಿ ಇಪ್ಪತ್ನಾಲ್ಕು ಪಂಜರಗಳು ಕೊಕ್ಕೆಗಳಿಂದ ತೂಗುತ್ತಿದ್ದವು. ಚೆನ್ನಾಗಿ ಹಾಡಿದ ಹಕ್ಕಿಯ ಪಂಜರದ ಕೆಳಗೆ ತೀರ್ಪುಗಾರರು ಬಾವುಟ ನೆಡುತ್ತಾರೆ. ಕಾಲಾವಧಿ ಹತ್ತು ನಿಮಿಷ. ವಾರ್ಸಿನಿಯೂ ಬಂದಿದ್ದಳು, ಕೈಯಲ್ಲಿ ರೆಂಪೆಯೆಕ್ ಪೊಟ್ಟಣ. "ಜಗಲಿ ಯಾರದ್ದು ಅಂತ ಕಣ್ಣಾರೆ ನೋಡ್ಬೇಕಲ್ಲ" ಎಂದಿದ್ದಳು.

ಗಂಟೆ ಬಾರಿಸಿದ್ದೇ ತಡ, ಹದಿನಾಲ್ಕನೆಯ ಪಂಜರದಿಂದ, ಅಂದರೆ ನಮ್ಮ ಸೆನೊಪತಿಯದ್ದರಿಂದ, ಹಾಡು ಸಿಡಿಯಿತು. ಬಾಲ ಕುಣಿಸಿ, ಎದೆಯುಬ್ಬಿಸಿ, ಒಂದರ ಮೇಲೊಂದು ತಾನ. ಹರ್ಜೋನೊ ಬಾಯಿಗಿಟ್ಟ ಸಿಗರೇಟು ಹಚ್ಚುವುದನ್ನು ಮರೆತ. ತೀರ್ಪುಗಾರ ಬಂದು ಒಂದು ಬಾವುಟ ನೆಟ್ಟ. ಎರಡನೆಯದನ್ನು ಹಿಡಿದು ಇನ್ನೊಬ್ಬ ಬಂದ.

ಮೂರನೆಯ ನಿಮಿಷದಲ್ಲಿ ಸೆನೊಪತಿ ಹಾಡು ನಿಲ್ಲಿಸಿ, ಸ್ಪಷ್ಟ ಉಚ್ಚಾರದಲ್ಲಿ, ಟಿಂ, ಟಿಂ, ಟೂಂ ಎಂದ. ಆಮೇಲೆ ಬಾಲ ಇಳಿಬಿಟ್ಟು, ಗರಿಯುಬ್ಬಿಸಿ ಚೆಂಡಾಗಿ, ಕಣ್ಣು ಮುಚ್ಚಿದ.

ತೀರ್ಪುಗಾರ ತನ್ನ ಜೇಬಿನ ಫೋನು ತೆಗೆದು ನೋಡಿದ. ಫೋನು ಸರಿಯಾಗಿಯೇ ಇತ್ತು. ಬಾವುಟವನ್ನು ಹಿಡಿದುಕೊಂಡೇ ನಿಂತ. ನಾಲ್ಕನೆಯ ನಿಮಿಷ. ಐದನೆಯ ನಿಮಿಷ. ಎರಡು ತಿಂಗಳ ಪಾಠವನ್ನು ಅವನು ಒಂದಕ್ಷರ ಬಿಡದೆ ಒಪ್ಪಿಸಿದ್ದ, ನಿದ್ದೆಯ ಸಮೇತ.

ಆಗ ನನ್ನ ಪಕ್ಕದಿಂದ, ಇಡೀ ಮೈದಾನ ತಿರುಗಿ ನೋಡುವಂತೆ ದನಿಯೊಂದು ಎದ್ದಿತು.

"ಏಯ್, ಮತ್ತೆ ಸತ್ತೋಯ್ತಾ!"

ಸೆನೊಪತಿ ಕಣ್ಣುಬಿಟ್ಟ. ಬಾಲ ಎತ್ತಿದ. ಮೊದಲ ಹಾಡಿನ ಮೊದಲ ಸ್ವರದಿಂದ ಮತ್ತೆ ಶುರುಮಾಡಿದ. ಅಂಥ ಹಾಡನ್ನು ನಮ್ಮ ಮೈದಾನ ಅದುವರೆಗೆ ಕೇಳಿರಲಿಲ್ಲ. ತೀರ್ಪುಗಾರ ಎರಡನೆಯ ಬಾವುಟ ನೆಟ್ಟ, ಮೂರನೆಯದಕ್ಕೆ ಕೈಚಾಚಿದ. ನಾನು ಹೆಂಡತಿಯ ಕೈ ಹಿಡಿದುಕೊಂಡೆ. ಹಕ್ಕಿಯ ಎದುರಿಗೆ ಹಾಗೆ ಮಾಡಿದ್ದು ಅದೇ ಮೊದಲು.

"ಅಣ್ಣ" ಎಂದ ಹರ್ಜೋನೊ, ಬಹಳ ಮೆಲ್ಲಗೆ. ಆ ಮನುಷ್ಯನಿಗೆ ಅಷ್ಟು ಮೆಲುದನಿ ಇರುವುದು ನನಗೆ ಗೊತ್ತಿರಲಿಲ್ಲ. "ಏಳನೇ ನಿಯಮ. ಅಕ್ಷರ ನಿಮ್ಮದೇ ಅಲ್ವಾ?"

ಮೂರು ಬಾವುಟಗಳಲ್ಲಿ ಎರಡನ್ನು ಕಿತ್ತರು, ಮೂರನೆಯದನ್ನು ನೆಡಲೇ ಇಲ್ಲ.

ಪಂಜರ ಹೊತ್ತು ಮನೆಗೆ ನಡೆದೆವು. ಮನೆಯ ಗೇಟಿನ ಹತ್ತಿರ ವಾರ್ಸಿನಿಯೇ ಹೇಳಿದಳು: "ಬೇಕು ಅಂತ ಕೂಗಲಿಲ್ಲ ಕಣ್ರೀ. ಟೂಂ ಅಂತು, ಬಾಯಿಗೆ ಬಂದ್ಬಿಡ್ತು. ಗುಂಡಿ ಎಲ್ಲಿ ಅಂತ ಕೈಯೂ ಹುಡುಕ್ತಾ ಇತ್ತು."

ಅದು ನಿಜವೆಂದು ನನಗೂ ಗೊತ್ತಿತ್ತು. ಅದೇ ದೊಡ್ಡ ಸಂಕಟ. ಬೈಯಲು ಒಬ್ಬರಾದರೂ ಬೇಕಲ್ಲ. ಒಳಗೆ ಹೋಗಿ ಎಣ್ಣೆ ಕುಡಿದ ಪುಸ್ತಕವನ್ನು ಬೆಳಕಿಗೆ ಹಿಡಿದೆ. ಹಾಳೆ ಪಾರದರ್ಶಕವಾಗಿತ್ತು, ಒಂಬತ್ತನೆಯ ಪುಟದ ಬೆನ್ನಿನಿಂದ ಹತ್ತನೆಯ ಪುಟ ತಾನಾಗಿಯೇ ಕಾಣಿಸಿತು. ತಾನಾಗಿ ಆರುವುದನ್ನು ತಪ್ಪಿಸಲು ಗುಂಡಿಯನ್ನು ಮೂರು ಸೆಕೆಂಡು ಒತ್ತಿಹಿಡಿದರೆ ಸಾಕಿತ್ತು.

ಈಗ ಜಗಲಿಯಲ್ಲಿ ಒಲೆ ಇದೆ, ಬೀದಿ ತುಂಬ ಗಿರಾಕಿಗಳಿದ್ದಾರೆ. ಬೆತ್ತದ ಕುರ್ಚಿ ಪಂಜರದ ಜೊತೆಗೇ ಬಾವಿಯ ಪಕ್ಕಕ್ಕೆ ಹೋಗಿದೆ. ಸಂಜೆ ಕಚೇರಿಯಿಂದ ಬಂದ ಮೇಲೆ ಹಿಟ್ಟು ಕಲಸಿ ಒಲೆಗೆ ಒದಗಿಸುವುದು ನನ್ನ ಪಾಲಿನ ಕೆಲಸ. ಆದರೆ ಸೆನೊಪತಿ ಟಿಂ, ಟಿಂ, ಟೂಂ ಎಂದು ಕಣ್ಣು ಮುಚ್ಚಿದಾಗ, ಏನೋ, ನನಗೂ ಕಣ್ಣು ಎಳೆಯುತ್ತದೆ. ಹೆಚ್ಚೆಂದರೆ ಎರಡು ನಿಮಿಷ. ಅಷ್ಟರಲ್ಲಿ ಜಗಲಿಯಿಂದ ಆ ದನಿ ಬರುತ್ತದೆ.

"ಏಯ್, ಮತ್ತೆ ಸತ್ತೋಯ್ತಾ!"

ಅವನು ಹಾಡಲು ಶುರುಮಾಡುತ್ತಾನೆ. ನಾನು ಹಿಟ್ಟು ಕಲಸಲು ಶುರುಮಾಡುತ್ತೇನೆ.